ಹೂ ಬೆಳೆಗಳ ಎಲೆ ರೋಗ: ಎಲೆ ಎಷ್ಟು ಹೊತ್ತು ಒದ್ದೆಯಾಗಿತ್ತು?

ಹೂ ಬೆಳೆಯುವ ರೈತ ಬಾಂಧವರು ರೋಗ ಬಿದ್ದ ಎಲೆಯನ್ನು ಹಿಡಿದುಕೊಂಡು ನಮ್ಮಲ್ಲಿಗೆ ಬಂದಾಗ ಕೇಳುವ ಮೊದಲ ಪ್ರಶ್ನೆ ಬಹುಮಟ್ಟಿಗೆ ಒಂದೇ ಆಗಿರುತ್ತದೆ: "ಇದಕ್ಕೆ ಯಾವ ಔಷಧಿ ಹೊಡೆಯಬೇಕು ಸ್ವಾಮಿ?" ನಮ್ಮವರೂ ಅಷ್ಟೇ ಚುರುಕಾಗಿ ಒಂದು ಹೆಸರನ್ನೂ, ಲೀಟರ್ ನೀರಿಗೆ ಇಷ್ಟು ಗ್ರಾಂ ಎಂಬ ಲೆಕ್ಕವನ್ನೂ ಚೀಟಿಯಲ್ಲಿ ಬರೆದು ಕಳುಹಿಸುತ್ತಾರೆ. ಇಬ್ಬರಿಗೂ ಸಮಾಧಾನ. ಎರಡು ವಾರ ಕಳೆದ ಮೇಲೆ ಅದೇ ರೈತರು ಅದೇ ರೋಗದ ಮತ್ತೊಂದು ಎಲೆಯನ್ನು ಹಿಡಿದು ಮತ್ತೆ ಬರುತ್ತಾರೆ. ಆಗ ಚೀಟಿಯಲ್ಲಿ ಬೇರೊಂದು ಹೆಸರು ಬರುತ್ತದೆ.

ಈ ಪದ್ಧತಿ ಸರಿಯಲ್ಲವೆಂಬುದು ನನ್ನ ಖಚಿತ ಅಭಿಪ್ರಾಯ. ಔಷಧಿಯ ಹೆಸರಿಗೆ ಮೊದಲು ನಾವು ಕೇಳಬೇಕಾದ, ನೀವು ಉತ್ತರಿಸಬೇಕಾದ ಪ್ರಶ್ನೆ ಇನ್ನೊಂದಿದೆ. ಕಳೆದ ಹತ್ತು ದಿನಗಳಲ್ಲಿ ನಿಮ್ಮ ಗಿಡದ ಎಲೆ ಒಂದೇ ಸಮನೆ ಎಷ್ಟು ಗಂಟೆ ಕಾಲ ಒದ್ದೆಯಾಗಿತ್ತು?

ನಾನು ಬೇಸಾಯ ಶಾಸ್ತ್ರ ಓದಿದವನು. ಸಸ್ಯರೋಗ ಶಾಸ್ತ್ರ ನನ್ನ ವಿಭಾಗವಲ್ಲ. ನನ್ನ ಸಸ್ಯರೋಗ ತಜ್ಞ ಮಿತ್ರರು ಬೇಸರಿಸಬಾರದು. ಆದರೆ ಗುಲಾಬಿ, ಸೇವಂತಿಗೆಯಂಥ ಹೂಗಿಡಗಳ ಎಲೆ ರೋಗದಲ್ಲಿ ಶಿಲೀಂಧ್ರದ ಕೈವಾಡ ಎಷ್ಟಿದೆಯೋ, ನೀರು ಕೊಡುವ ಹೊತ್ತು, ಗಿಡದಿಂದ ಗಿಡಕ್ಕಿರುವ ಅಂತರ, ಸಾಲಿನ ದಿಕ್ಕು, ಸಾರಜನಕದ ಪ್ರಮಾಣ ಇವುಗಳ ಕೈವಾಡವೂ ಅಷ್ಟೇ ಇದೆ. ಇವೆಲ್ಲ ಬೇಸಾಯದ ವಿಷಯಗಳು. ನಿಮ್ಮ ಕೈಯಲ್ಲಿರುವ ವಿಷಯಗಳು. ಶಿಲೀಂಧ್ರ ನಿಮ್ಮ ಕೈಯಲ್ಲಿಲ್ಲ.

ಗುಲಾಬಿಯ ಕಪ್ಪು ಚುಕ್ಕೆ ರೋಗವನ್ನೇ ತೆಗೆದುಕೊಳ್ಳೋಣ. ಗುಲಾಬಿ ಬೆಳೆದವರೆಲ್ಲ ಇದನ್ನು ಬಲ್ಲರು. ಎಲೆಯ ಮೇಲ್ಭಾಗದಲ್ಲಿ ದುಂಡನೆಯ ಕಪ್ಪು ಮಚ್ಚೆ ಬೀಳುತ್ತದೆ. ಮಚ್ಚೆಯ ಅಂಚು ನುಣುಪಾಗಿರದೆ ಎಳೆಎಳೆಯಾಗಿ ಹರಡಿರುತ್ತದೆ. ಸುತ್ತಲ ಭಾಗ ಹಳದಿಯಾಗಿ ಎಲೆ ಉದುರುತ್ತದೆ. ಮೊದಲು ಬುಡದ ಎಲೆಗಳು, ಆಮೇಲೆ ನಡುವಿನವು. ಕೊನೆಗೆ ತುದಿಯಲ್ಲಿ ನಾಲ್ಕು ಎಲೆ ಹೊತ್ತ ಬರಿ ಕಡ್ಡಿ ನಿಲ್ಲುತ್ತದೆ. ಎಲೆಯಿಲ್ಲದ ಗಿಡ ಹೂ ಕೊಡುವುದಾದರೂ ಹೇಗೆ?

ಈ ರೋಗದ ಬೀಜಕಣಗಳು ಧೂಳಿನಂತೆ ಗಾಳಿಯಲ್ಲಿ ಹಾರಿ ಬರುವಂಥವಲ್ಲ. ಅವು ಮಚ್ಚೆಯ ಮೇಲೆ ಅಂಟಿನಂಥ ದ್ರವದಲ್ಲಿ ಕುಳಿತಿರುತ್ತವೆ. ಮಳೆಯ ಹನಿಯೋ ನೀವು ಹಾಯಿಸಿದ ನೀರಿನ ಹನಿಯೋ ಬಡಿದಾಗ ಅದರೊಡನೆ ಸಿಡಿದು ಪಕ್ಕದ ಎಲೆಗೆ ಹೋಗುತ್ತವೆ. ಹಾಗೆ ಹೋಗಿ ಬಿದ್ದ ಮಾತ್ರಕ್ಕೆ ರೋಗ ಬರುವುದಿಲ್ಲ. ಬೀಜಕಣ ಮೊಳೆತು, ಎಲೆಯ ಹೊರಪೊರೆಯನ್ನು ಚುಚ್ಚಿ ಒಳಕ್ಕೆ ಹೋಗಬೇಕಾದರೆ ಆ ಎಲೆಯ ಮೇಲೆ ಕನಿಷ್ಠ 7 ಗಂಟೆ ಕಾಲ ನೀರು ಇರಲೇಬೇಕು. ಅಷ್ಟರೊಳಗೆ ಎಲೆ ಒಣಗಿತೆಂದರೆ ಬಹುಪಾಲು ಬೀಜಕಣಗಳ ಕಥೆ ಅಲ್ಲಿಗೇ ಮುಗಿಯಿತು. 7 ಗಂಟೆ ದಾಟಿ ಒಳಹೊಕ್ಕರೆ ಆಮೇಲೆ ಬಿಸಿಲು ಬಿದ್ದರೂ ಅದಕ್ಕೆ ಚಿಂತೆಯಿಲ್ಲ. 3ರಿಂದ 10 ದಿನಗಳಲ್ಲಿ ಚುಕ್ಕೆ ನಿಮ್ಮ ಕಣ್ಣಿಗೆ ಕಾಣುತ್ತದೆ. ಅಲ್ಲಿಂದ ಮುಂದೆ ಆ ಚುಕ್ಕೆಯೇ ಹೊಸ ಬೀಜಕಣಗಳ ಕಣಜ.

ಅಂದಮೇಲೆ ಇಂದು ನೀವು ಕಂಡ ಚುಕ್ಕೆ ಇಂದಿನದಲ್ಲ, ಕಳೆದ ವಾರದ ತೇವದ ಫಲ. ಇಂದು ಗಾಬರಿಯಿಂದ ಸಿಂಪಡಿಸುವ ಔಷಧಿ ಆ ಚುಕ್ಕೆಯನ್ನು ಅಳಿಸಲಾರದು.

ಈಗ ನಮ್ಮ ಒಂದು ಸಾಮಾನ್ಯ ಪದ್ಧತಿಯ ಲೆಕ್ಕ ಹಾಕೋಣ. ಹಗಲೆಲ್ಲ ಬೇರೆ ಕೆಲಸ. ಸಂಜೆ ಐದೂವರೆಗೆ ಪೈಪು ಹಿಡಿದು ಗುಲಾಬಿ ಗಿಡಗಳ ನೆತ್ತಿಯ ಮೇಲಿಂದ ನೀರು ಬಿಡುತ್ತೇವೆ. ಎಲೆ ತೊಳೆದ ಹಾಗೂ ಆಯಿತು, ಗಿಡ ತಂಪಾದ ಹಾಗೂ ಆಯಿತು ಎಂಬ ಭಾವನೆ. ಸೂರ್ಯ ಮುಳುಗಿದ ಮೇಲೆ ಆ ನೀರು ಆರುವುದಿಲ್ಲ. ರಾತ್ರಿ ಇಬ್ಬನಿ ಅದಕ್ಕೆ ಕೂಡಿಕೊಳ್ಳುತ್ತದೆ. ಬೆಳಗ್ಗೆ ಬಿಸಿಲು ಏರಿ ಗಿಡದ ನಡುಭಾಗದ ಎಲೆ ಒಣಗುವ ಹೊತ್ತಿಗೆ ಎಂಟೂವರೆ. ಒಟ್ಟು 15 ಗಂಟೆ! ರೋಗಕ್ಕೆ ಬೇಕಾದುದರ ಎರಡರಷ್ಟು ಸಮಯವನ್ನು ನಾವೇ ಕೈಯಾರೆ ಕೊಟ್ಟಂತಾಯಿತು. ಅದೇ ನೀರನ್ನು ಬೆಳಗ್ಗೆ ಎಂಟಕ್ಕೆ ಬಿಟ್ಟಿದ್ದರೆ ಹತ್ತು, ಹತ್ತೂವರೆಗೆ ಎಲೆ ಒಣಗುತ್ತಿತ್ತು. ಬುಡಕ್ಕೆ ಮಾತ್ರ ಬಿಟ್ಟಿದ್ದರೆ ಎಲೆ ಒದ್ದೆಯೇ ಆಗುತ್ತಿರಲಿಲ್ಲ. ನೀರಿನ ಪ್ರಮಾಣ ಒಂದೇ, ಆಳಿನ ಕೂಲಿ ಒಂದೇ. ಬದಲಾದುದು ಹೊತ್ತು ಮಾತ್ರ.

ಸಿಂಪರಣೆಗೂ ಈ ಮಾತು ಸಲ್ಲುತ್ತದೆ. ಸಂಜೆ ಆರಕ್ಕೆ, ಗಾಳಿ ನಿಂತಿದೆಯೆಂದು ಎಲೆಯಿಂದ ನೀರು ಇಳಿಯುವಷ್ಟು ಔಷಧಿ ಹೊಡೆದರೆ ಅದೂ ಎಲೆಯನ್ನು ರಾತ್ರಿಯಿಡೀ ಒದ್ದೆ ಮಾಡುತ್ತದೆ. ಔಷಧಿ ಆ ರೋಗಕ್ಕೆ ತಕ್ಕುದಲ್ಲವಾದರೆ ಹಣ ಕೊಟ್ಟು ರೋಗಕ್ಕೆ ನೀರು ಹಾಕಿದಂತೆಯೇ ಸರಿ.

ಶಿಲೀಂಧ್ರ ಬೆಳೆಯಲು ತೇವ ಹೇಗೋ ಹಾಗೆ ತಕ್ಕ ಉಷ್ಣತೆಯೂ ಬೇಕಲ್ಲವೇ ಎಂದು ತಿಳಿದವರು ಕೇಳಬಹುದು. ಬೇಕು. ಕಪ್ಪು ಚುಕ್ಕೆ ರೋಗಕ್ಕೆ 18ರಿಂದ 25 ಡಿಗ್ರಿ ಸೆಂಟಿಗ್ರೇಡ್ ಹಿತವಾದ ಉಷ್ಣತೆ. 30 ದಾಟಿದರೆ ಅದು ಸೊರಗುತ್ತದೆ. ಯೂರೋಪಿನ ಗುಲಾಬಿ ಬೆಳೆಗಾರನಿಗೆ ಚಳಿಗಾಲದಲ್ಲಿ ಕೆಲವು ತಿಂಗಳು ಬಿಡುವು ಸಿಗುತ್ತದೆ. ದೆಹಲಿಯ ಕಡೆ ಮೇ ತಿಂಗಳ ಬಿಸಿಲೇ ಕಾವಲು ಕಾಯುತ್ತದೆ. ಆದರೆ ಬೆಂಗಳೂರು, ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಸೀಮೆಯ ನಮ್ಮ ಸ್ಥಿತಿ ನೋಡಿ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಜೂನ್‌ನಿಂದ ಅಕ್ಟೋಬರ್‌ವರೆಗೆ ಹಗಲು 27ರಿಂದ 29 ಡಿಗ್ರಿ, ರಾತ್ರಿ 19ರಿಂದ 20 ಡಿಗ್ರಿ. ಮನುಷ್ಯರಿಗೆ ಹಿತವೆಂದು ಊರೆಲ್ಲ ಹೊಗಳುವ ಈ ಹವೆ ಶಿಲೀಂಧ್ರಕ್ಕೂ ಹಿತವೇ. ಬೇಸಿಗೆಯ ಹಗಲುಗಳನ್ನು ಬಿಟ್ಟರೆ ಉಷ್ಣತೆಯಿಂದ ನಮಗೆ ಯಾವ ರಕ್ಷಣೆಯೂ ಇಲ್ಲ. ಈ ರೋಗವನ್ನು ನಮ್ಮಲ್ಲಿ ತಡೆದು ನಿಲ್ಲಿಸುವ ಬಾಗಿಲು ಒಂದೇ: ಎಲೆಯ ಮೇಲಿನ ನೀರು. ಆದ್ದರಿಂದಲೇ ಆ ಬಾಗಿಲನ್ನು ಕಾಯಬೇಕೆಂದು ನಾನು ಇಷ್ಟು ಒತ್ತಿ ಹೇಳುತ್ತಿರುವುದು.

ಇದು ಹೊಸ ಶೋಧನೆಯೇನಲ್ಲ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದ ಮಿಲ್ಸ್ ಎಂಬ ವಿಜ್ಞಾನಿ 1944ರಲ್ಲಿಯೇ ಸೇಬಿನ ಕಜ್ಜಿ ರೋಗದ ಬಗ್ಗೆ ಒಂದು ಪಟ್ಟಿ ಪ್ರಕಟಿಸಿದರು. ಇಂಥ ಉಷ್ಣತೆಯಲ್ಲಿ ಎಲೆ ಇಷ್ಟು ಗಂಟೆ ಒದ್ದೆಯಿದ್ದರೆ ರೋಗ ತಗಲುತ್ತದೆ ಎಂಬುದೇ ಆ ಪಟ್ಟಿಯ ಸಾರ. 16ರಿಂದ 24 ಡಿಗ್ರಿಯಲ್ಲಿ ಸುಮಾರು 9 ಗಂಟೆ ಸಾಕು. ಚಳಿ ಹೆಚ್ಚಿದಂತೆ ಗಂಟೆಗಳೂ ಹೆಚ್ಚಬೇಕು. ಆ ಪಟ್ಟಿಯನ್ನು ಗೋಡೆಗೆ ತಗುಲಿಸಿಕೊಂಡು ಗಂಟೆ ಎಣಿಸಿ ಸಿಂಪಡಿಸುವುದನ್ನು ಅಲ್ಲಿನ ಸೇಬು ಬೆಳೆಗಾರರು ಕಲಿತರು.

ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ನಮ್ಮ ಮಲೆನಾಡಿನ ಅಡಿಕೆ ಬೆಳೆಗಾರರು ಕೊಳೆರೋಗದಿಂದ ಗೊನೆ ಉಳಿಸಿಕೊಳ್ಳಲು ಮಳೆಗಾಲಕ್ಕೆ ಮೊದಲು ಮರ ಹತ್ತಿ ಗೊನೆಗೆ ಕೊಟ್ಟೆ ಕಟ್ಟುತ್ತಿದ್ದರು. ಔಷಧಿಯ ಹೆಸರೇ ತಿಳಿಯದ ಕಾಲದ ಮಾತು. ಕೊಟ್ಟೆಯಲ್ಲಿ ವಿಷವೂ ಇಲ್ಲ, ಮದ್ದೂ ಇಲ್ಲ. ಅದು ಮಾಡುತ್ತಿದ್ದುದು ಗೊನೆಯನ್ನು ಮಳೆಯಿಂದ ಮರೆಮಾಡುವ ಒಂದೇ ಕೆಲಸ. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಡಾ. ಲೆಸ್ಲಿ ಕೋಲ್ಮನ್ ಅವರು ಈ ರೋಗವನ್ನು ಅಭ್ಯಾಸ ಮಾಡಿ 1910ರಲ್ಲಿ ವರದಿ ಪ್ರಕಟಿಸಿದರು; ಬೋರ್ಡೋ ದ್ರಾವಣದ ಸಿಂಪರಣೆ ಅಡಿಕೆ ತೋಟಕ್ಕೆ ಕಾಲಿಟ್ಟಿದ್ದು ಆ ಕಾಲದಲ್ಲಿ. ಬೋರ್ಡೋ ಬಂದುದು ಒಳ್ಳೆಯದೇ ಆಯಿತು. ಆದರೆ ಆ ದ್ರಾವಣವನ್ನು ಇಂದಿಗೂ ಮಳೆ ಹಿಡಿಯುವ ಮೊದಲು ಹೊಡೆಯುತ್ತಾರೆಯೇ ಹೊರತು ಗೊನೆ ಕೊಳೆತ ಮೇಲೆ ಹೊಡೆಯುವುದಿಲ್ಲ. ಅಡಿಕೆಯಲ್ಲಿ ನಮಗೆ ಇರುವ ಈ ತಿಳಿವಳಿಕೆ ಹೂವಿನ ಹೊಲಕ್ಕೆ ಬಂದಾಗ ಎಲ್ಲಿ ಹೋಗುತ್ತದೆಯೋ ನಾನರಿಯೆ.

ಮಳೆಯ ವಿಷಯದಲ್ಲಿ ಇನ್ನೊಂದು ತಪ್ಪು ಕಲ್ಪನೆಯಿದೆ. ಹೆಚ್ಚು ಮಳೆಯಾದರೆ ಹೆಚ್ಚು ರೋಗ, ಕಡಿಮೆಯಾದರೆ ಕಡಿಮೆ ಎಂದು ಅನೇಕರು ತಿಳಿದಿದ್ದಾರೆ. ಮೇ ತಿಂಗಳಲ್ಲಿ ಮಧ್ಯಾಹ್ನ ಎರಡಕ್ಕೆ ಗುಡುಗಿ ಒಂದು ಗಂಟೆಯಲ್ಲಿ 50 ಮಿಲಿಮೀಟರ್ ಸುರಿದು ಹೋಗುತ್ತದೆ, ಮೂರೂವರೆಗೆ ಬಿಸಿಲು, ಐದಕ್ಕೆ ಎಲೆ ಒಣಗಿರುತ್ತದೆ. ಪುಷ್ಯ, ಆಶ್ಲೇಷ ಮಳೆಯ ದಿನಗಳಲ್ಲಿ ಬೆಳಗಿನಿಂದ ಸೋನೆ ಹಿಡಿದು, ಮೋಡ ಕವಿದು, ದಿನವಿಡೀ ಸೇರಿ 3 ಮಿಲಿಮೀಟರ್ ಕೂಡ ಆಗುವುದಿಲ್ಲ. ಮಳೆಮಾಪಕ ನೋಡಿದವರು ಮಳೆಯೇ ಇಲ್ಲವೆನ್ನುತ್ತಾರೆ. ಆದರೆ ಎಲೆ ಹಗಲು ರಾತ್ರಿ ಒಣಗಿಯೇ ಇರುವುದಿಲ್ಲ. ರೋಗಕ್ಕೆ ಈ ಎರಡನೆಯ ಮಳೆಯೇ ಇಷ್ಟ. ಇನ್ನು ಹಸ್ತ, ಚಿತ್ತೆಯಲ್ಲಿ ಸಂಜೆ ಸುರಿಯುವ ಮಳೆ ರಾತ್ರಿಯ ತೇವಕ್ಕೆ ಜೊತೆಗೂಡುತ್ತದೆ. ಬೆಂಗಳೂರಿನಲ್ಲಿ ವರ್ಷದ ಅತಿ ಹೆಚ್ಚು ಮಳೆ ಬೀಳುವುದು ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ ಎಂಬುದನ್ನೂ ನೆನಪಿಡಿ. ಹೂವಿಗೆ ಹಬ್ಬದ ಬೆಲೆ ಬರುವುದೂ ಆಗಲೇ.

ಎಲೆಯ ತೇವವೇ ಮುಖ್ಯವೆನ್ನುವುದಕ್ಕೆ ಕಣ್ಣಾರೆ ಕಾಣುವ ಸಾಕ್ಷಿ ಬೇಕೆಂದರೆ ಯಾವುದಾದರೂ ಪಾಲಿಹೌಸಿಗೆ ಹೋಗಿ ನೋಡಿ. ದೊಡ್ಡಬಳ್ಳಾಪುರ, ದೇವನಹಳ್ಳಿ ಕಡೆ ಬೇಕಾದಷ್ಟಿವೆ. ಹೊರಗೆ ಬಯಲಿನ ಗುಲಾಬಿ ಕಪ್ಪು ಚುಕ್ಕೆಯಿಂದ ಬೋಳಾಗಿರುವ ಸಮಯದಲ್ಲಿ, ಒಳಗೆ ಹನಿ ನೀರಾವರಿಯಲ್ಲಿ ಬೆಳೆದ ಗುಲಾಬಿಯಲ್ಲಿ ಆ ರೋಗ ಕಾಣುವುದೇ ಅಪರೂಪ. ಪ್ಲಾಸ್ಟಿಕ್ ಹಾಳೆ ಯಾವ ಔಷಧಿ? ಅದು ಮಳೆಯನ್ನು ಎಲೆಯ ಮೇಲೆ ಬೀಳಗೊಡುವುದಿಲ್ಲ, ಅಷ್ಟೇ.

ಹಾಗೆಂದು ಪಾಲಿಹೌಸಿನಲ್ಲಿ ರೋಗವೇ ಇಲ್ಲವೆಂದಲ್ಲ. ಅಲ್ಲಿ ಎರಡು ಬೇರೆ ರೋಗಗಳು ಬರುತ್ತವೆ. ಎಲ್ಲ ಶಿಲೀಂಧ್ರ ರೋಗಕ್ಕೂ ಒಂದೇ ಹವೆ, ಒಂದೇ ಔಷಧಿ ಎಂದುಕೊಂಡವರು ಎಡವುವುದು ಇಲ್ಲಿಯೇ.

ಮೊದಲನೆಯದು ಬೂದಿ ರೋಗ. ಎಳೆ ಎಲೆ ಮುದುರಿ, ಮೇಲೆ ಬಿಳಿ ಹಿಟ್ಟು ಚೆಲ್ಲಿದಂತೆ ಕಾಣುತ್ತದೆ. ಮೊಗ್ಗಿನ ತೊಟ್ಟಿಗೂ ಹಬ್ಬಿ ಹೂ ಮಾರುಕಟ್ಟೆಗೆ ಬಾರದಂತಾಗುತ್ತದೆ. ಇದರ ಬೀಜಕಣ ಮೊಳೆಯಲು ಎಲೆಯ ಮೇಲೆ ನೀರು ಬೇಕಾಗಿಲ್ಲ. ನಿಂತ ನೀರಿನಲ್ಲಿ ಅದು ಸರಿಯಾಗಿ ಮೊಳೆಯುವುದೂ ಇಲ್ಲ. ಇದಕ್ಕೆ ಬೇಕಾದುದು ತೇವ ತುಂಬಿದ ರಾತ್ರಿಯ ಗಾಳಿ ಮತ್ತು ಒಣ ಹಗಲು. ರಾತ್ರಿ ಸುಮಾರು 16 ಡಿಗ್ರಿ ಉಷ್ಣತೆ, ಶೇಕಡ 90ಕ್ಕೆ ಮೇಲ್ಪಟ್ಟ ಆರ್ದ್ರತೆ. ಹಗಲು 27 ಡಿಗ್ರಿ, ಶೇಕಡ 40ರಿಂದ 70 ಆರ್ದ್ರತೆ. ಈ ಅಂಕಿಗಳನ್ನು ಇನ್ನೊಮ್ಮೆ ಓದಿ. ಬೆಂಗಳೂರಿನ ಡಿಸೆಂಬರ್ ತಿಂಗಳ ವರ್ಣನೆಯಂತಿಲ್ಲವೇ? ಮಳೆ ನಿಂತ ಮೇಲೆ, ಕಾರ್ತೀಕದಿಂದ ಮಾಘದವರೆಗೆ ಬಯಲಿನ ಗುಲಾಬಿಗೂ ಬೂದಿ ರೋಗ ಹತ್ತುವುದು ಇದರಿಂದಲೇ. ಮಳೆಗಾಲದಲ್ಲಿ ಕಪ್ಪು ಚುಕ್ಕೆಗೆ ತಂದ ಔಷಧಿ ಮಿಕ್ಕಿದೆಯೆಂದು ಚಳಿಗಾಲದ ಬೂದಿ ರೋಗಕ್ಕೆ ಹೊಡೆಯುವವರು ತಮ್ಮ ದುಡ್ಡನ್ನು ಗಾಳಿಗೆ ತೂರುತ್ತಿದ್ದಾರೆ. ಬೂದಿ ರೋಗಕ್ಕೆ ನೀರಿನಲ್ಲಿ ಕರಗುವ ಗಂಧಕ ಹಳೆಯ ಮದ್ದು, ಈಗಲೂ ಒಳ್ಳೆಯ ಮದ್ದು. ಆದರೆ 30 ಡಿಗ್ರಿ ಮೀರಿದ ಬಿಸಿಲಿನಲ್ಲಿ ಅದನ್ನು ಹೊಡೆದರೆ ಎಲೆ ಸುಡುತ್ತದೆ. ಹಳೆಯ ಪುಸ್ತಕಗಳಲ್ಲಿ ಈ ರೋಗಕ್ಕೆ ಡೈನೋಕ್ಯಾಪ್ ಎಂದು ಬರೆದಿರುತ್ತದೆ. ಅದನ್ನು ಭಾರತ ಸರ್ಕಾರ 2023ರಲ್ಲಿ ನಿಷೇಧಿಸಿದೆ. ಯಾರಾದರೂ ಮಾರಲು ಬಂದರೆ ಕೊಳ್ಳಬೇಡಿ.

ಎರಡನೆಯದು ಬೂಜು ತುಪ್ಪಟ ರೋಗ. ಎಲೆಯ ಮೇಲೆ ಕೆನ್ನೇರಳೆ ಬಣ್ಣದ ಮಚ್ಚೆಗಳು ಬಿದ್ದು, ಹಸಿರು ಎಲೆಗಳೇ ರಾಶಿರಾಶಿಯಾಗಿ ಉದುರುತ್ತವೆ. ಗಾಳಿಯ ಆರ್ದ್ರತೆ ಶೇಕಡ 85ಕ್ಕಿಂತ ಕಡಿಮೆಯಿದ್ದರೆ ಈ ರೋಗ ತಗಲುವುದಿಲ್ಲ. ಪಾಲಿಹೌಸಿನ ಮಾಲೀಕರು ಚಳಿಗೆ ಹೆದರಿ ಸಂಜೆ ಐದಕ್ಕೇ ಸುತ್ತಲ ಪರದೆಗಳನ್ನು ಇಳಿಸಿಬಿಡುತ್ತಾರೆ. ಹಗಲೆಲ್ಲ ಗಿಡ, ಮಣ್ಣು ಬಿಟ್ಟ ಆವಿ ಒಳಗೇ ಸಿಕ್ಕಿಕೊಳ್ಳುತ್ತದೆ. ರಾತ್ರಿ ತಣ್ಣಗಾದಂತೆ ಅದು ಮಾಡಿನ ಹಾಳೆಗೆ ಹನಿಗಟ್ಟಿ ಬೆಳಗಿನ ಜಾವ ಎಲೆಯ ಮೇಲೆ ತೊಟ್ಟಿಕ್ಕುತ್ತದೆ. ಲಕ್ಷಾಂತರ ರೂಪಾಯಿ ಖರ್ಚು ಮಾಡಿ ಹೊರಗಿನ ಮಳೆಯನ್ನು ತಡೆದು, ಒಳಗೆ ಸ್ವಂತ ಮಳೆ ಮಾಡಿಕೊಂಡಂತಾಯಿತು. ಪರದೆ ಇಳಿಸುವ ಮುನ್ನ ಆ ತೇವದ ಗಾಳಿ ಹೊರಹೋಗಲು ಬಿಡಬೇಕು. ಬೆಳಗ್ಗೆ ಆದಷ್ಟು ಬೇಗ ತೆರೆಯಬೇಕು. ನೆಲಕ್ಕೆ ನೀರು ಹಾಯಿಸುವುದನ್ನು ಮಧ್ಯಾಹ್ನದೊಳಗೆ ಮುಗಿಸಬೇಕು. ಇದಕ್ಕೆ ಹಗ್ಗ ಎಳೆಯುವ ಒಬ್ಬ ಆಳು ಸಾಕು.

ಬಯಲಿನ ಹೂವಿಗೆ ಮರಳೋಣ. ನಮ್ಮ ಸಣ್ಣ ರೈತರ ನಿಜವಾದ ಹೂ ಬೆಳೆ ಸೇವಂತಿಗೆ. ಮುಂಗಾರಿನಲ್ಲಿ ಸಸಿ ನೆಟ್ಟು ಆಯುಧಪೂಜೆ, ದೀಪಾವಳಿಗೆ ಹೂ ಕೊಯ್ಯಬೇಕೆಂಬುದು ಎಲ್ಲರ ಆಸೆ. ಅಂದರೆ ಬೆಳೆಯ ಇಡೀ ಆಯುಷ್ಯ ಮಳೆಗಾಲದಲ್ಲಿಯೇ ಕಳೆಯುತ್ತದೆ. ಎಲೆ ಚುಕ್ಕೆ ರೋಗ ಬುಡದ ಎಲೆಗಳಲ್ಲಿ ಮೊದಲಾಗುತ್ತದೆ. ಹಳದಿ ಚುಕ್ಕೆ ಕಂದಾಗಿ, ಕಪ್ಪಾಗಿ, ಒಂದಕ್ಕೊಂದು ಕೂಡಿ ಎಲೆ ಒಣಗಿ ಕಾಂಡಕ್ಕೆ ಜೋತುಬೀಳುತ್ತದೆ. ಮೆಟ್ಟಿಲು ಹತ್ತಿದಂತೆ ರೋಗ ಮೇಲಕ್ಕೆ ಏರುತ್ತದೆ. ಮೊಗ್ಗು ಬಿಡುವ ಹೊತ್ತಿಗೆ ಅರ್ಧ ಗಿಡ ಒಣಗಿದ್ದರೆ ಹೂ ಸಣ್ಣದಾಗಿ ತೂಕ ಬಾರದು. ಹಬ್ಬದ ಒಂದು ವಾರದ ಬೆಲೆಯನ್ನೇ ನೆಚ್ಚಿ ಸಾಲ ಮಾಡಿದವನ ಗತಿಯೇನು?

ಈ ರೋಗ ಬುಡದಿಂದಲೇ ಏಕೆ ಆರಂಭವಾಗುತ್ತದೆ ಎಂದು ಯೋಚಿಸಿದ್ದೀರಾ? ಮೊದಲನೆಯದಾಗಿ, ಹಿಂದಿನ ಬೆಳೆಯ ಒಣಗಿದ ಎಲೆಯಲ್ಲಿ ಉಳಿದ ರೋಗ ಮಳೆಹನಿಯೊಡನೆ ಸಿಡಿದು ತಗಲುವುದು ನೆಲಕ್ಕೆ ಹತ್ತಿರದ ಎಲೆಗೇ. ಎರಡನೆಯದಾಗಿ, ದಟ್ಟವಾಗಿ ನೆಟ್ಟ ಪಾತಿಯಲ್ಲಿ ಬುಡದ ಎಲೆ ಬಿಸಿಲನ್ನೂ ಕಾಣದು, ಗಾಳಿಯನ್ನೂ ಕಾಣದು. ತುದಿಯ ಎಲೆ ಎಂಟಕ್ಕೆ ಒಣಗಿದರೆ ಬುಡದ್ದು ಹನ್ನೊಂದಾದರೂ ಒದ್ದೆ. ನೀವು ಬದುವಿನ ಮೇಲೆ ನಿಂತು ಹೊಲ ಒಣಗಿದೆ ಎನ್ನುತ್ತೀರಿ. ರೋಗ ನೋಡುವುದು ಬುಡದ ಎಲೆಯನ್ನು. ಹವಾಮಾನ ಕೇಂದ್ರದ ಆರ್ದ್ರತೆಯ ಅಂಕಿಗೂ ಇದೇ ಕೊರತೆ. ಬಯಲಿನ ಹುಲ್ಲುನೆಲದ ಮೇಲೆ, ಎದೆಯೆತ್ತರದ ಪೆಟ್ಟಿಗೆಯಲ್ಲಿ ಅಳೆದ ಆರ್ದ್ರತೆ ನಿಮ್ಮ ಪಾತಿಯೊಳಗಿನ ಆರ್ದ್ರತೆಯಲ್ಲ.

ಆದ್ದರಿಂದ ಒಂದು ಅಡಿ ಅಂತರ ಎಂದರೆ ಒಂದು ಅಡಿ ಬಿಡಿ. ಹೆಚ್ಚು ಸಸಿ ತೂರಿಸಿದರೆ ಹೆಚ್ಚು ಹೂ ಎಂಬ ಲೆಕ್ಕ ಮಳೆಗಾಲಕ್ಕೆ ಹೊಂದದು. ನೆಲಕ್ಕೆ ಒಣ ಹುಲ್ಲೋ ತರಗೋ ಹೊದಿಸಿದರೆ ಹನಿ ಸಿಡಿಯುವುದು ತಪ್ಪುತ್ತದೆ. ಹಿಂದಿನ ಬೆಳೆಯ ಕಡ್ಡಿ, ಎಲೆಗಳನ್ನು ಹೊಲದಲ್ಲೇ ಉಳುಮೆಗೆ ಬಿಡದೆ ಹೊರಹಾಕಿ. ರೋಗ ಬಂದ ಗಿಡದ ಬುಡದಿಂದ ಕಂದು ತೆಗೆದು ನೆಡುವುದೆಂದರೆ ರೋಗವನ್ನೇ ನೆಟ್ಟಂತೆ. ಆರೋಗ್ಯವಾದ ಗಿಡದ ತುದಿ ಕಡ್ಡಿಯಿಂದ ಸಸಿ ಮಾಡಿಕೊಳ್ಳುವುದು ಮೇಲು.

ಹೂ ಬಿಡಿಸುವ ವಿಷಯದಲ್ಲಿ ಪುಸ್ತಕದ ಸಲಹೆಗೂ ನಿಮ್ಮ ಜೀವನಕ್ಕೂ ಹೊಂದಿಕೆಯಾಗದೆಂಬುದನ್ನು ಬಲ್ಲೆ. ಒದ್ದೆ ಗಿಡಗಳ ನಡುವೆ ಓಡಾಡಿದರೆ ಬೀಜಕಣಗಳು ಕೈಗೆ, ಸೀರೆ ಸೆರಗಿಗೆ ಅಂಟಿ ಸಾಲಿನಿಂದ ಸಾಲಿಗೆ ಹೋಗುತ್ತವೆ. ಆದ್ದರಿಂದ ಎಲೆ ಒಣಗುವವರೆಗೆ ಹೊಲಕ್ಕೆ ಇಳಿಯಬಾರದು ಎಂದು ಪುಸ್ತಕ ಹೇಳುತ್ತದೆ. ಕೆ.ಆರ್. ಮಾರುಕಟ್ಟೆ ಅಷ್ಟು ಹೊತ್ತು ಕಾಯುವುದಿಲ್ಲ. ಕೊಯ್ಲನ್ನು ನಿಲ್ಲಿಸಿ ಎಂದು ನಾನು ಹೇಳಲಾರೆ. ಆದರೆ ರೋಗವಿಲ್ಲದ ತಾಕಿನಲ್ಲಿ ಮೊದಲು ಬಿಡಿಸಿ, ರೋಗದ ತಾಕಿಗೆ ಕೊನೆಯಲ್ಲಿ ಹೋಗಬಹುದು. ಕಳೆ ತೆಗೆಯುವುದು, ತುದಿ ಚಿವುಟುವುದು, ಕಡ್ಡಿ ಸವರುವುದು ಇವನ್ನು ಬಿಸಿಲೇರಿದ ಮೇಲೆ ಮಾಡಬಹುದು. ಮೂರು ದಿನಕ್ಕೊಮ್ಮೆ ಔಷಧಿ ಹೊಡೆದ ಹೊಲದಲ್ಲಿ ಬೆಳಗಿನ ಜಾವ ಬರಿಗೈಯಲ್ಲಿ ಒದ್ದೆ ಗಿಡ ಮುಟ್ಟಿ ಹೂ ಬಿಡಿಸುವವರು ಬಹುಪಾಲು ಹೆಂಗಸರು. ಆ ಹೂ ಅಂದೇ ಯಾರದೋ ಮುಡಿಗೇರುತ್ತದೆ. ಅನಗತ್ಯ ಸಿಂಪರಣೆಯ ಲೆಕ್ಕವನ್ನು ಹಣದಲ್ಲಿ ಮಾತ್ರ ಹಾಕಬಾರದು.

"ಬೆಳಗ್ಗೆ ನೀರು ಬಿಡಿ ಎನ್ನುತ್ತೀರಿ, ನಮಗೆ ಕರೆಂಟು ಕೊಡುವುದು ರಾತ್ರಿ" ಎಂದು ನೀವು ಹೇಳುವುದು ನನಗೆ ಕೇಳಿಸುತ್ತಿದೆ. ಪಂಪ್‌ಸೆಟ್ಟಿಗೆ ತ್ರೀ ಫೇಸ್ ವಿದ್ಯುತ್ತು ಸರದಿಯ ಮೇಲೆ ಬರುತ್ತದೆ, ಆ ಸರದಿ ಅನೇಕರಿಗೆ ರಾತ್ರಿಯದು. ಇದು ನ್ಯಾಯವಾದ ಆಕ್ಷೇಪಣೆ. ಉತ್ತರ ನೀರಾವರಿಯ ರೀತಿಯನ್ನು ಅವಲಂಬಿಸಿದೆ. ಕಾಲುವೆಯಲ್ಲೋ ಹನಿ ನೀರಾವರಿಯಲ್ಲೋ ಬುಡಕ್ಕೆ ನೀರು ಕೊಡುವವರು ರಾತ್ರಿ ಕೊಟ್ಟರೂ ಎಲೆ ನೆನೆಯುವುದಿಲ್ಲ. ಅವರಿಗೆ ನನ್ನ ಮಾತು ಅನ್ವಯಿಸದು. ತೊಂದರೆ ಇರುವುದು ತುಂತುರು ನೀರಾವರಿಯವರಿಗೆ, ಪೈಪು ಹಿಡಿದು ಮೇಲಿಂದ ಹಾಯಿಸುವವರಿಗೆ. ಅಂಥವರು ರಾತ್ರಿ ನೀರನ್ನು ತೊಟ್ಟಿಗೋ ಕೃಷಿ ಹೊಂಡಕ್ಕೋ ಎತ್ತಿಟ್ಟುಕೊಂಡು ಬೆಳಗ್ಗೆ ಬುಡಕ್ಕೆ ಕೊಡುವುದು ಉತ್ತಮ. ಅದೂ ಆಗದಿದ್ದರೆ ಸಂಜೆ ಆರು, ಏಳಕ್ಕೆ ತುಂತುರು ಬಿಡುವುದಕ್ಕಿಂತ ಇಬ್ಬನಿ ಬಿದ್ದಾದ ಮೇಲೆ, ನಡುರಾತ್ರಿ ಕಳೆದು ಬಿಡುವುದು ವಾಸಿ. ಎಲೆ ಆಗಲೇ ಒದ್ದೆಯಾಗಿರುತ್ತದೆಯಾದ್ದರಿಂದ ತೇವದ ಗಂಟೆಗಳು ಅಷ್ಟಾಗಿ ಹೆಚ್ಚುವುದಿಲ್ಲ. ಹೂವಿನ ತೋಟಕ್ಕೆ ಹನಿ ನೀರಾವರಿಯ ಸಹಾಯಧನ ಕೇಳುವಾಗ ನೀರಿನ ಉಳಿತಾಯದ ಮಾತನ್ನಷ್ಟೇ ಎಲ್ಲರೂ ಆಡುತ್ತಾರೆ. ಗುಲಾಬಿ ಬೆಳೆಗಾರನಿಗೆ ಎಲೆ ಒಣಗಿರುವುದೇ ಅದರ ದೊಡ್ಡ ಲಾಭವೆಂದು ನಾನೆನ್ನುತ್ತೇನೆ.

ಸಾಲಿನ ದಿಕ್ಕು ಮತ್ತು ಗೊಬ್ಬರದ ಬಗ್ಗೆ ಎರಡು ಮಾತು. ಮುಂಗಾರಿನಲ್ಲಿ ನಮ್ಮ ಕಡೆ ಗಾಳಿ ಬೀಸುವುದು ಪಡುವಣದಿಂದ. ಇಳಿಜಾರು ಅಡ್ಡ ಬಾರದ ಕಡೆ ಸಾಲುಗಳು ಪೂರ್ವ ಪಶ್ಚಿಮವಾಗಿದ್ದರೆ ಗಾಳಿ ಸಾಲಿನುದ್ದಕ್ಕೂ ಹರಿದು ಎಲೆ ಬೇಗ ಒಣಗುತ್ತದೆ. ಹೊಲದ ಪಡುವಣ ಬದುವಿಗೆ ಒತ್ತಾಗಿ ಬೇಲಿ ಗಿಡ ಬೆಳೆಸಿ ಗಾಳಿಗೆ ಗೋಡೆ ಕಟ್ಟಬೇಡಿ. ಯೂರಿಯಾ ಹೆಚ್ಚು ಕೊಟ್ಟರೆ ಎಲೆ ಕಪ್ಪಗೆ ಸೊಂಪಾಗಿ ಬಂದು ನೋಡಲು ಚೆಂದ. ಅಂಥ ಮೃದುವಾದ ಎಳೆ ಚಿಗುರೇ ಬೂದಿ ರೋಗಕ್ಕೆ ಪ್ರಿಯವಾದ ಊಟ.

ಇಷ್ಟೆಲ್ಲ ಹೇಳಿದ ಮೇಲೆ, ಔಷಧಿಯೇ ಬೇಡವೆನ್ನುತ್ತೀರಾ ಎಂದು ಕೇಳಬೇಡಿ. ಹತ್ತು ದಿನ ಒಂದೇ ಸಮನೆ ಸೋನೆ ಹಿಡಿದರೆ ಅಂತರ, ಗಾಳಿ, ಹೊದಿಕೆ ಯಾವುದೂ ಪೂರ್ತಿಯಾಗಿ ಕಾಪಾಡಲಾರದು. ಆಗ ಮ್ಯಾಂಕೋಜೆಬ್‌ನಂಥ ರಕ್ಷಣಾ ಔಷಧಿ ಬೇಕೇಬೇಕು. ಆದರೆ ಅದು ಎಲೆಯ ಮೇಲೆ ಪದರವಾಗಿ ಕುಳಿತು ಬೀಜಕಣ ಮೊಳೆಯುವುದನ್ನು ತಡೆಯುವ ಔಷಧಿ. ಒಳಹೊಕ್ಕ ಶಿಲೀಂಧ್ರವನ್ನು ಕೊಲ್ಲುವ ಶಕ್ತಿ ಅದಕ್ಕಿಲ್ಲ. ಅದನ್ನು ಮೋಡ ಕವಿಯುವ ಮುನ್ನ, ಒಣ ಎಲೆಯ ಮೇಲೆ, ಬೆಳಗಿನ ಹೊತ್ತು, ಎಲೆಯ ಕೆಳಭಾಗಕ್ಕೂ ತಗಲುವಂತೆ ಹೊಡೆಯಬೇಕು. ಮಳೆ ಮುನ್ಸೂಚನೆ ಈಗ ನಿಮ್ಮ ಕೈಯಲ್ಲಿರುವ ಫೋನಿನಲ್ಲಿಯೇ ಸಿಗುತ್ತದೆ. ಒಳಕ್ಕಿಳಿಯುವ ಅಂತರ್ವ್ಯಾಪಿ ಔಷಧಿಗಳೂ ಇವೆ. ಅವುಗಳಲ್ಲಿ ಒಂದನ್ನೇ ಮತ್ತೆ ಮತ್ತೆ ಹೊಡೆದರೆ ಶಿಲೀಂಧ್ರ ಅದಕ್ಕೆ ಒಗ್ಗಿಕೊಳ್ಳುತ್ತದೆ. ಸಿಂಪರಣೆಗಳ ಸಂಖ್ಯೆಯನ್ನು ಕಡಿಮೆ ಮಾಡಿದಷ್ಟೂ ಆ ಔಷಧಿಗಳು ಹೆಚ್ಚು ಕಾಲ ಕೆಲಸಕ್ಕೆ ಬರುತ್ತವೆ. ಒಣ ಹವೆಯಲ್ಲಿ, ಹೊಸ ಚುಕ್ಕೆ ಏಳದಿರುವಾಗ, ಪಕ್ಕದ ಹೊಲದವನು ಹೊಡೆದನೆಂದು ಹೊಡೆಯುವ ಸಿಂಪರಣೆಗೆ ಮಾತ್ರ ನನ್ನ ವಿರೋಧ.

ತೇವದ ಗಂಟೆ ಎಣಿಸಲು ಯಂತ್ರ ಬೇಕಿಲ್ಲ. ಗೋಡೆಯ ಕ್ಯಾಲೆಂಡರ್ ಸಾಕು. ರಾತ್ರಿ ಊಟವಾದ ಮೇಲೆ ಟಾರ್ಚು ಹಿಡಿದು ಹೋಗಿ ಗಿಡದ ನಡುಭಾಗದ ನಾಲ್ಕು ಎಲೆ, ಬುಡದ ನಾಲ್ಕು ಎಲೆ ಮುಟ್ಟಿ ನೋಡಿ. ಒದ್ದೆಯಿದ್ದರೆ ಹೊತ್ತು ಗುರುತು ಹಾಕಿ. ಬೆಳಗ್ಗೆ ಅದೇ ಎಲೆಗಳು ಒಣಗಿದ ಹೊತ್ತನ್ನೂ ಆ ದಿನದ ಚೌಕದಲ್ಲಿಯೇ ಬರೆಯಿರಿ. ಮಳೆ ಬಂದಿದ್ದರೆ ಒಂದು ಗೀಟು, ನೀರು ಬಿಟ್ಟಿದ್ದರೆ ಇನ್ನೊಂದು. ಶಾಲೆಗೆ ಹೋಗುವ ಮಕ್ಕಳಿದ್ದರೆ ಈ ಕೆಲಸವನ್ನು ಅವರಿಗೆ ವಹಿಸಿ, ನಿಮಗಿಂತ ಅಚ್ಚುಕಟ್ಟಾಗಿ ಮಾಡುತ್ತಾರೆ. ಗುಲಾಬಿಯಲ್ಲಿ 7 ಗಂಟೆ ಮೀರಿದ ದಿನಗಳಿಗೆ ಕೆಂಪು ಶಾಯಿಯ ಸುತ್ತು ಹಾಕಿ. ಕೆಂಪು ಸುತ್ತುಗಳ ಸಾಲು ಬಂದ ವಾರದ ಮುಂದಿನ ವಾರ ಹೊಸ ಚುಕ್ಕೆಗಳನ್ನು ಹುಡುಕಿ ನೋಡಿ.

ಮುಂದಿನ ಸಲ ಕೃಷಿ ವಿಜ್ಞಾನ ಕೇಂದ್ರಕ್ಕೋ ನಮ್ಮಲ್ಲಿಗೋ ಬರುವಾಗ ರೋಗದ ಎಲೆಯ ಜೊತೆಗೆ ಆ ಕ್ಯಾಲೆಂಡರ್ ಹಾಳೆಯನ್ನೂ ತನ್ನಿ. ಎಲೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ತರಬೇಡಿ, ದಾರಿಯಲ್ಲಿ ಬೆವರಿ ಕೊಳೆತು ಯಾವ ರೋಗವೆಂದೇ ತಿಳಿಯದಂತಾಗುತ್ತದೆ. ಹಳೆಯ ವೃತ್ತಪತ್ರಿಕೆಯ ಮಡಿಕೆಯಲ್ಲಿ, ಬುಡದ ಎಲೆ ಬೇರೆ, ತುದಿಯ ಎಲೆ ಬೇರೆಯಾಗಿಟ್ಟು ತನ್ನಿ.